ಉಜ್ಜಿ ಕೆಡಿಸಿದ ಶಂಖ

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ, ಮಾನ ಮಾತ್ರ ಸ್ವಲ್ಪ ಹೋಗಿದೆ. ಈ ಒಡವೆ ಅಂಗಡಿಯಲ್ಲಿ ಬೆಂಕಿಯಿಲ್ಲ, ಬೆಸುಗೆಯಿಲ್ಲ. ಕೋಟ್ಯಂತರ ವರ್ಷ ಮಣ್ಣಿನಡಿ ಇದ್ದು ಕಲ್ಲಾಗಿಹೋದ ಶಂಖಗಳಿಗೆ ತಾಮ್ರದ ತಂತಿ ಸುತ್ತಿ ಪದಕ ಮಾಡುತ್ತಾರೆ. ಮೊದಲ ದಿನವೇ ನನಗೂ ಒಂದು ಕೊಟ್ಟರು. ಮೈಯೆಲ್ಲ ಗೆರೆ, ಉಬ್ಬು. ಅಕ್ಕಸಾಲಿಗನ ಮಗಳಲ್ಲವೇ, ಕೈ ಸುಮ್ಮನಿರಲಿಲ್ಲ. ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿಟ್ಟೆ. ಅಂಗಡಿಯ ಒಡತಿ ನೋಡಿ ಕೂತೇಬಿಟ್ಟರು. "ಅಯ್ಯೋ, ಆ ಗೆರೆ ಕೊಳೆ ಅಲ್ಲ ಕಣಮ್ಮ. ಅದು ಒಂದು ಕಾಲಕ್ಕೆ ಬದುಕಿತ್ತು ಅನ್ನೋದಕ್ಕೆ ಉಳಿದಿದ್ದ ಗುರುತೇ ಅದು. ಈಗಿದು ಬರೀ ಕಲ್ಲು," ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ತಂತಿ ಚುಚ್ಚಿ ಹೆಬ್ಬೆರಳು ಊದಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ನೀವು ಕೆಮ್ಮಿನ ಔಷಧಿ ತಪ್ಪಿಸಬೇಡಿ.

ಕಾಗದದಲ್ಲಿ ಜಾಗ ಮುಗಿಯುತ್ತಿದೆ, ಇದೊಂದು ಮಾತು. ಅಮ್ಮ ಬಿಟ್ಟುಹೋದ ಬಳೆಗಳಿಗೆ ತಂಗಿಯ ಮದುವೆಯೊಳಗೆ ಮೆರುಗು ಹಾಕುತ್ತೇನೆ ಎಂದಿದ್ದಿರಿ. ಅಮ್ಮ ಹೊಲಿಯುವಾಗ ಮೆಷಿನ್ನಿಗೆ ಬಡಿದು ಬಡಿದು ಅವುಗಳಲ್ಲಿ ತಗ್ಗು ಬಿದ್ದಿದೆಯಲ್ಲ, ಅದನ್ನು ಮುಟ್ಟಬೇಡಿ. ಸೋಪಿನ ನೀರಿನಲ್ಲಿ ತೊಳೆದರೆ ಸಾಕು.

ನಿಮ್ಮ ದೊಡ್ಡವಳು