ಅಪ್ಪನ ಇಪ್ಪತ್ತಮೂರು ಸಿಗಾರ್

ಮಾರ್ಚ್ 3, ಭಾನುವಾರ

ಮತ್ತೆ ಅದೇ ರಗಳೆ. ಅಪ್ಪನ ಕತ್ತಿನ ಕೊಳವೆ ತೊಳೆದು, ಒಳಗಿನ ಹಳದಿ ಲೋಳೆಯನ್ನು ಬ್ರಶ್ಶಿನಲ್ಲಿ ಕೆರೆದು, ಕೈಗೆ ಎರಡು ಸಲ ಸೋಪು ಹಾಕಿ... ಆಮೇಲೆ ಸಿಗಾರ್ ಪೆಟ್ಟಿಗೆ. ಗಂಟಲ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದು ಎರಡು ವರ್ಷವಾಯಿತು. ತಂದಿಟ್ಟದ್ದು ಸಿಗಾರ್. ಇವತ್ತಿಗೂ ಮುದ್ದು ಮಾಡುವುದು ಸಿಗಾರನ್ನೇ. ಮಾನ ಮರ್ಯಾದೆ ಬೇಡವೇ ಮನುಷ್ಯನಿಗೆ?

ಉಸಿರು ಈಗ ಕತ್ತಿನ ತೂತಿನಿಂದ. ಮೂಗಿನಲ್ಲಿ ಗಾಳಿ ಹೋಗುವುದಿಲ್ಲ, ವಾಸನೆಯೂ ಗೊತ್ತಾಗುವುದಿಲ್ಲ. ಹಾಗಾಗಿ ಹಠ ಅವರದು, ಮೂಗು ನನ್ನದು. ಪ್ರತಿ ಭಾನುವಾರ ಮುಚ್ಚಳ ತೆಗೆದು ನಾನು ಮೂಸಬೇಕು. ಸ್ಲೇಟಿನ ಮೇಲೆ ಬರೆದರು: "ಏನು ವಾಸನೆ?"

"ದನದ ಕೊಟ್ಟಿಗೆ," ಅಂದೆ.

ಮುಖ ಅರಳಿತು. "ಒಳ್ಳೇದು. ಮಾಗ್ತಿದೆ."

ಕೊಟ್ಟಿಗೆ ನಾತ ಒಳ್ಳೆಯದಂತೆ. ಥೂ.

ಮಾರ್ಚ್ 10, ಭಾನುವಾರ

ಪೆಟ್ಟಿಗೆಯ ಮುಚ್ಚಳ ಸೊಟ್ಟಗಾಗಿದೆ. ಒಳಗಿನ ತೇವ ಅಳೆಯುವ ಮುಳ್ಳು ಐವತ್ತನಾಲ್ಕು ತೋರಿಸುತ್ತಿದೆ, ಇರಬೇಕಾದದ್ದು ಎಪ್ಪತ್ತರ ಹತ್ತಿರ. ಒಂದು ಸಿಗಾರನ್ನು ಕಿವಿಯ ಬಳಿ ಒತ್ತಿದರೆ ಒಣಗಿದ ಎಲೆಯ ಸದ್ದು. ಅಪ್ಪ ನನ್ನನ್ನು ನೋಡಿದ ನೋಟ, ಮನೆಯಲ್ಲಿ ಯಾರೋ ಸಾಯಲು ಬಿದ್ದಿದ್ದಾರೆ ಅನ್ನುವ ಹಾಗೆ.

ಇಷ್ಟಕ್ಕೆಲ್ಲ ಮೂಲ: ಹದಿನೈದು ವರ್ಷದ ಹಿಂದೆ ಅಪ್ಪ, ಚಿಕ್ಕಪ್ಪ ಸೇರಿ ಇಪ್ಪತ್ತೈದು ಸಿಗಾರಿನ ಈ ಪೆಟ್ಟಿಗೆ ತಂದರು. ಹದಿನೈದು ವರ್ಷ ಮಾಗಿಸಿ, ಒಟ್ಟಿಗೆ ಕೂತು ಸೇದುವುದೆಂದು ಮಾತು. ನಾಲ್ಕನೇ ವರ್ಷ ಅಪ್ಪ ಊರಲ್ಲಿಲ್ಲದಾಗ ಚಿಕ್ಕಪ್ಪ ಗೆಳೆಯನೊಬ್ಬನನ್ನು ಕೂರಿಸಿಕೊಂಡು ಎರಡು ಸೇದಿಬಿಟ್ಟರು. ಅಪ್ಪ ಬಂದು ಎಣಿಸಿದರು. "ಹೊಸಿಲು ತುಳೀಬೇಡ" ಅಂದರು. ಅಲ್ಲಿಗೆ ಮುಗಿಯಿತು. ಎರಡು ಸಿಗಾರಿಗೆ ಹನ್ನೊಂದು ವರ್ಷ ಮಾತಿಲ್ಲ. ಅಮ್ಮ ಸತ್ತಾಗಲೂ ಒಬ್ಬರು ಆ ಮೂಲೆ, ಒಬ್ಬರು ಈ ಮೂಲೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಾರ್ಚ್ 12

ಅಡುಗೆಮನೆ ಪೂರ್ತಿ ಜಾಲಾಡಿದೆ. ಗಾಜಿನ ಭರಣಿ... ಬಾಯಿ ಚಿಕ್ಕದು. ಸ್ಟೀಲ್ ಡಬ್ಬಿ... ಮುಚ್ಚಳ ಸಡಿಲ. ಫ್ರಿಜ್ಜಿನಲ್ಲಿ ಇಡುತ್ತೇನೆ ಅಂದರೆ ಸ್ಲೇಟು ಕುಟ್ಟಿದರು, ಒಣಗುತ್ತದಂತೆ. ಕೊನೆಗೆ ನಾಲ್ಕೂ ಕಡೆ ಕ್ಲಿಪ್ ಇರುವ ಪ್ಲಾಸ್ಟಿಕ್ ಡಬ್ಬಿ ತಂದೆ. ನೀರು ತುಂಬಿ ತಲೆಕೆಳಗು ಮಾಡಿದರೂ ಒಂದು ಹನಿ ಹೊರಗಿಲ್ಲ.

"ಪ್ಲಾಸ್ಟಿಕ್ಕಾ? ಉಸಿರು ಕಟ್ಟುತ್ತೆ," ಎಂದು ಬರೆದರು.

"ನಿಮಗಿಂತ ಚೆನ್ನಾಗೇ ಉಸಿರಾಡ್ತಾವೆ ಬಿಡಿ," ಅಂದೆ.

ಅನ್ನಬಾರದಿತ್ತು. ಆಡಿದ ಮಾತು, ಒಡೆದ ಮುತ್ತು. ಸಂಜೆ ಹಳೆಯ ಪೆಟ್ಟಿಗೆಯ ಹಲಗೆಗಳನ್ನು ಬಿಚ್ಚಿ ಡಬ್ಬಿಯ ತಳಕ್ಕೆ ಹಾಸಿದೆ, ಒದ್ದೆ ಸ್ಪಂಜಿಗೆ ಒಂದು ಮೂಲೆ ಕೊಟ್ಟೆ. ಅಪ್ಪ ಒಂದೊಂದಾಗಿ ಜೋಡಿಸಿದರು. ಇಪ್ಪತ್ತಮೂರು. ಎರಡು ಸಲ ಎಣಿಸಿದರು.

ಮಾರ್ಚ್ 24, ಭಾನುವಾರ

ಹುಳ!

ಒಂದರ ಮೈಯಲ್ಲಿ ಸೂಜಿ ಚುಚ್ಚಿದಂಥ ತೂತು. ಮುಟ್ಟಿದರೆ ಪುಡಿ ಉದುರಿತು, ಹಿಂದೆಯೇ ಕಂದು ಬಣ್ಣದ ಪುಟಾಣಿ ಪ್ರಾಣಿ ನನ್ನ ಬೆರಳ ಮೇಲೆ. ಅಪ್ಪ ಸ್ನಾನದ ಮನೆಯಲ್ಲಿದ್ದರು, ಸದ್ಯ. ಹೇಳಲಿಲ್ಲ. ಹೇಳಿದರೆ ಊಟ ಬಿಡುತ್ತಾರೆ.

ಹುಳಕ್ಕೆ ಮದ್ದು ನನಗೆ ಗೊತ್ತಿಲ್ಲವೇ? ಹದಿನಾಲ್ಕು ವರ್ಷದಿಂದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿದ್ದೇನೆ. ಊರಿನವರ ಉಣ್ಣೆ ಕೋಟುಗಳನ್ನೆಲ್ಲ ಕಾಯುವವಳು ನಾನೇ. ನಾಳೆ ತರುತ್ತೇನೆ.

ಮಾರ್ಚ್ 25

ನುಸಿಗುಳಿಗೆ, ಹನ್ನೆರಡು. ಹಲಗೆಯ ಕೆಳಗೆ ಸಾಲಾಗಿಟ್ಟೆ, ಅಪ್ಪನ ಕಣ್ಣಿಗೆ ಬೀಳದ ಹಾಗೆ. ನಾಲ್ಕೂ ಕ್ಲಿಪ್ ಹಾಕಿದೆ. ಬಾ ಹುಳವೇ, ಈಗ ಬಾ.

ಏಪ್ರಿಲ್ 7, ಭಾನುವಾರ

ಹುಳ ಸತ್ತಿವೆ. ಮುಳ್ಳು ಅರವತ್ತೊಂಬತ್ತು.

"ಏನು ವಾಸನೆ?"

"ಕೊಟ್ಟಿಗೆ."

ಅಪ್ಪ ಡಬ್ಬಿಯ ಕ್ಲಿಪ್ಪುಗಳನ್ನು ತಾವೇ ಒತ್ತಿ ಹಾಕಿದರು. ಆಮೇಲೆ ಸ್ಲೇಟಿನ ತುಂಬ ದೊಡ್ಡ ಅಕ್ಷರದಲ್ಲಿ: "21ಕ್ಕೆ ಹದಿನೈದು ತುಂಬುತ್ತೆ. ಅವನಿಗೆ ಬರೋಕೆ ಹೇಳು."

ಫೋನ್ ಮಾಡಿದೆ. ಚಿಕ್ಕಪ್ಪ ಎರಡು ಸಲ ಹೇಳಿಸಿಕೊಂಡರು. ಅಳುತ್ತಿದ್ದರು.

ಏಪ್ರಿಲ್ 9

ಅಂಥ ದಿನಕ್ಕೆ ಸಿಗಾರಿನ ತುದಿ ಕತ್ತರಿಸಲು ಒಂದು ಒಳ್ಳೆಯ ಕಟರ್ ಇರಲಿ ಎಂದು ತಂಬಾಕಿನ ಅಂಗಡಿಗೆ ಹೋದೆ. ಅಳತೆಗೆ ಒಂದು ಸಿಗಾರ್ ಒಯ್ದಿದ್ದೆ. ಅಂಗಡಿಯವನು ಮೂಗಿನ ಹತ್ತಿರ ತಂದು, ತಟ್ಟನೆ ತಲೆ ಹಿಂದಕ್ಕೆಳೆದುಕೊಂಡ.

"ಏನ್ರಮ್ಮಾ ಇದು? ಬೀರು ಬಾಗಿಲು ತೆಗೆದ ಹಾಗಿದೆ!"

ಹುಳದ ಕಥೆ ಹೇಳಿದೆ.

"ನುಸಿಗುಳಿಗೆನಾ! ಅಯ್ಯೋ ದೇವರೇ. ತಂಬಾಕು ಎಲ್ಲಾ ವಾಸನೆ ಹೀರ್ಕೊಳ್ಳುತ್ತೆ, ಅದೂ ಗಾಳಿ ಆಡದ ಡಬ್ಬೀಲಿ... ಮೂರು ದಿನ ಫ್ರೀಜರ್‌ನಲ್ಲಿ ಇಟ್ಟಿದ್ರೆ ಹುಳ ಹೋಗ್ತಿತ್ತಲ್ಲಮ್ಮ. ಬಿಸಾಕಿ. ಹೊತ್ತಿಸೋಕೆ ಮಾತ್ರ ಹೋಗ್ಬೇಡಿ, ವಿಷ."

ನನ್ನ ಮೂಗಿಗೇಕೆ ತಿಳಿಯಲಿಲ್ಲ? ನನ್ನ ಸೀರೆ, ಕೂದಲು, ಕೈ ಎಲ್ಲವೂ ಅದೇ ವಾಸನೆ, ಅದಕ್ಕೆ. ಅಪ್ಪ ನಂಬಿದ್ದು ಇಂಥ ಮೂಗನ್ನು. ಅಸಹ್ಯವಾಗುತ್ತಿದೆ, ನನ್ನ ಬಗ್ಗೆಯೇ.

ಏಪ್ರಿಲ್ 10

ಎರಡಕ್ಕೆ ಹನ್ನೊಂದು ವರ್ಷ. ಹಾಗಾದರೆ ಇಪ್ಪತ್ತಮೂರಕ್ಕೆ? ನೂರಿಪ್ಪತ್ತಾರೂವರೆ. ಅಷ್ಟು ವರ್ಷ ಅಪ್ಪ ನನ್ನ ಮುಖ ನೋಡುವುದಿಲ್ಲ.

ಏಪ್ರಿಲ್ 14, ಭಾನುವಾರ

ಗುಳಿಗೆ ತೆಗೆದೆ. ನಾಲ್ಕು ದಿನ ಕಿಟಕಿಯಲ್ಲಿ ಕದ್ದು ಗಾಳಿಗಿಟ್ಟೆ. ಪಕ್ಕದ ಮನೆಯಾಕೆಯನ್ನು ಕರೆದು ಮೂಸಿಸಿದೆ. "ಟ್ರಂಕು," ಅಂದಳು.

"ಏನು ವಾಸನೆ?"

"ಕೊಟ್ಟಿಗೆ."

"ಹೋದ ವಾರಾನೂ ಕೊಟ್ಟಿಗೆ?"

"ದನ ಅಲ್ಲೇ ಇದಾವಲ್ಲ ಅಪ್ಪಾ," ಅಂದೆ. ನಕ್ಕರು. ಆ ನಗುವಿಗೆ ಸದ್ದಿಲ್ಲ, ಕತ್ತಿನಿಂದ ಬರೀ ಗಾಳಿ. ಇವತ್ತೇ ಹೇಳಬೇಕಿತ್ತು.

ಏಪ್ರಿಲ್ 21, ಭಾನುವಾರ

ಬಂದರು. ಚಿಕ್ಕಪ್ಪನ ತಲೆ ಪೂರ್ತಿ ಬೆಳ್ಳಗಾಗಿದೆ. ಹೊಸಿಲ ಹೊರಗೇ ನಿಂತರು. ಅಪ್ಪ ಹೋಗಿ ಕೈ ಹಿಡಿದು ಎಳೆದರು.

ಹೊಗೆ ಅಪ್ಪನ ಕತ್ತಿಗೆ ಹೋಗಬಾರದು. ಚಿಕ್ಕಪ್ಪ ಹೊರಗೆ ಜಗಲಿಯಲ್ಲಿ, ಅಪ್ಪ ಒಳಗೆ ಮುಚ್ಚಿದ ಕಿಟಕಿಯ ಗಾಜಿನ ಹಿಂದೆ. "ನಾನು ಬಿಟ್ಟು ಆರು ವರ್ಷ ಆಯ್ತು. ಇವತ್ತೊಂದು, ಅಣ್ಣನಿಗೋಸ್ಕರ," ಅಂದರು ಚಿಕ್ಕಪ್ಪ. ತಡೆಯಬೇಕೆಂದು ಹತ್ತಿರ ಹೋದೆ. ಗಾಜಿನ ಹಿಂದೆ ಅಪ್ಪನ ಮುಖ ಕಂಡಿತು, ಬೂದಿ ತಟ್ಟೆ ಸರಿಸಿ ಕೊಟ್ಟೆ. ಬೆಂಕಿ ಹಚ್ಚಿದರು.

ಮೊದಲ ದಮ್ಮಿಗೇ ಕಣ್ಣು ದೊಡ್ಡವಾದವು. ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳಿಯ ಹಾಗೆ ನಾನು ನೆಲ ನೋಡಿದೆ. ಆಮೇಲೆ ಅವರು ಕಿಟಕಿಯತ್ತ ತಿರುಗಿ, ಗಾಜಿನ ಆಚೆಗೂ ಕೇಳುವಷ್ಟು ಜೋರಾಗಿ, "ಅಣ್ಣಾ! ನೀನೇ ಸರಿ. ಕಾಯಬೇಕಿತ್ತು ಕಣೋ, ನಾನು ಕಾಯಬೇಕಿತ್ತು!" ಅಂದರು.

ಅಪ್ಪ ಗಾಜಿಗೆ ಒತ್ತಿ ನಿಂತಿದ್ದರು. ಗಾಜು ಮಂಜಾಗಿದ್ದು ಬಾಯಿಯ ಎದುರಿಗಲ್ಲ, ಕತ್ತಿನ ಎದುರಿಗೆ.

ಪೂರ್ತಿ ಸೇದಿದರು ಪುಣ್ಯಾತ್ಮ. ಹಿತ್ತಲಿಗೆ ಹೋಗಿ ವಾಂತಿ ಮಾಡಿದರು. ನೀರು ಕೊಟ್ಟೆ.

"ಎಷ್ಟು ಗುಳಿಗೆ ಹಾಕಿದ್ದೆ ಮಗಳೇ?"

"ಹನ್ನೆರಡು. ನಾನೇ ಹೇಳ್ತೀನಿ ಚಿಕ್ಕಪ್ಪ."

"ಬಾಯಿ ಮುಚ್ಕೊಂಡಿರು. ಅವನ ಮುಖ ನೋಡಿದ್ಯಲ್ಲ?"

ಒಳಗೆ ಬಂದರೆ ಸ್ಲೇಟು ಸಿದ್ಧ: "ಪ್ರತಿ ಭಾನುವಾರ ಬಾ. ಇನ್ನೂ 22 ಇದೆ."

ಏಪ್ರಿಲ್ 25

ಚಿಕ್ಕಪ್ಪನಿಗೆ ಮೂರು ದಿನ ತಲೆನೋವು, ಕೆಳಗಿಟ್ಟ ತಲೆ ಎತ್ತಿಲ್ಲವಂತೆ. "ಭಾನುವಾರ ಬರ್ತೀನಿ ಅಂತ ಹೇಳು," ಅಂದರು ಫೋನಿನಲ್ಲಿ. ಗುಳಿಗೆಯ ಪೊಟ್ಟಣ ತಿರುಗಿಸಿ ಓದಿದೆ. ಹೊಗೆ ಕುಡಿಯಬಾರದೆಂದು ಕೆಂಪಕ್ಷರದಲ್ಲಿದೆ. ಒಬ್ಬರನ್ನು ಸಿಗಾರ್ ಮುಗಿಸಿತು. ಇನ್ನೊಬ್ಬರನ್ನು ನಾನು ಮುಗಿಸುತ್ತೇನೆ, ಒಂದು ಮಾತಿಗೆ ಹೆದರಿ. ಛೀ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 28, ಭಾನುವಾರ, ಹತ್ತಕ್ಕೆ ಐದು ನಿಮಿಷ

ಅಪ್ಪ ಹೊಸ ಅಂಗಿ ಹಾಕಿಕೊಂಡಿದ್ದಾರೆ. ಬೂದಿ ತಟ್ಟೆ ತೊಳೆದು ಜಗಲಿಯಲ್ಲಿಟ್ಟು ಬಂದರು. ಕಿಟಕಿಯ ಗಾಜು ಒರೆಸಿದರು.

ಎರಡು ಸಲ ಎದುರಿಗೆ ಹೋಗಿ ನಿಂತೆ. ಮಾತು ಹೊರಡಲಿಲ್ಲ. ಧ್ವನಿ ಇಲ್ಲದವರು ಅವರಂತೆ! ಅವರ ಸ್ಲೇಟು ಎತ್ತಿಕೊಂಡು ಬಂದಿದ್ದೇನೆ. ಬರೆದೇ ತೋರಿಸುತ್ತೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಅಪ್ಪಾ, ಅದು ಕೊಟ್ಟಿಗೆ ವಾಸನೆ ಅಲ್ಲ. ಚಿಕ್ಕಪ್ಪ ಸುಳ್ಳು ಹೇಳಿದ್ದು ನಿಮಗೋಸ್ಕರ. ಅವರ ಮೇಲೆ ಸಿಟ್ಟಾಗಬೇಡಿ.

ಗೇಟು ಸದ್ದಾಯಿತು. ಅಪ್ಪ ಡಬ್ಬಿಯ ಕ್ಲಿಪ್ ತೆಗೆಯುತ್ತಿದ್ದಾರೆ... ಒಂದು, ಎರಡು...

ಅಪ್ಪಾ, ಎರಡಲ್ಲ, ಇಪ್ಪತ್ತಮೂರನ್ನೂ ಹಾಳು ಮಾಡಿದ್ದು ನಾ