ಕಳ್ಳ ಕುಬಸ

10 ಆಗಸ್ಟ್ 2001, ಶುಕ್ರವಾರ

ನೀಲಕ್ಕ ಬಸುರಿ! ಬಸುರಿ, ಬಸುರಿ, ಬಸುರಿ! ಎಲ್ಲಾದರೂ ಹೇಳದಿದ್ದರೆ ನನಗೆ ಹುಚ್ಚೇ ಹಿಡಿಯುತ್ತದೆ. ಅದಕ್ಕೇ ಇಲ್ಲಿ. ಬಾಗಿಲು ಹಾಕಿಕೊಂಡು, ನನ್ನ ಗಂಡ ಕಲ್ಲೇಶ ಅಂಗಡಿಗೆ ಹೋದ ಮೇಲೆ.

ಬೆಳಿಗ್ಗೆ ಹಿತ್ತಲಲ್ಲಿ ಬೆಡ್‌ಶೀಟ್ ಹಿಂಡುತ್ತಿದ್ದೆವು. ಒಂದು ತುದಿ ಅವಳ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಅರ್ಧಕ್ಕೆ ನಿಲ್ಲಿಸಿದಳು.

"ದುರ್ಗಾ, ನಾ ಇನ್ನ ಜೋರಾಗಿ ಹಿಂಡಬಾರದಂತ. ಡಾಕ್ಟರ್ ಹೇಳ್ಯಾರ."

ನನ್ನ ಟ್ಯೂಬ್‌ಲೈಟ್ ತಲೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಕೂಡಲೇ ಕಿರುಚಿದೆ. ಅವಳು ಒದ್ದೆ ಬೆಡ್‌ಶೀಟಿನಿಂದಲೇ ನನ್ನ ಬಾಯಿ ಮುಚ್ಚಿದಳು. ಸೋಪಿನ ರುಚಿ ಇನ್ನೂ ನಾಲಿಗೆಯ ಮೇಲಿದೆ.

"ಐದು ತುಂಬೋತನಕ ಯಾರಿಗೂ ಹೇಳಬಾರದು. ಅತ್ತಿಗೂ, ಕಲ್ಲೇಶಗೂ. ನಿನ್ನ ಬಾಯಿ ನನಗ ಗೊತ್ತೈತಿ."

"ಹಂಗಾರ ನನಗ್ಯಾಕ ಹೇಳಿದಿ ಅಕ್ಕಾ?"

"ನಿಮ್ಮ ಭಾವ ಬಿಟ್ಟು ಇನ್ನೊಬ್ಬರಿಗರ ಹೇಳಬೇಕನಿಸಿತು."

ಅದಕ್ಕೆ ನಾನು! ಮೇ ತಿಂಗಳಲ್ಲಿ ಮದುವೆಯಾಗಿ ಬಂದವಳು! ನೆಗೆಣ್ಣಿ ಅಂದರೆ ಜಗಳ ಎಂದು ಕಾಲೇಜಿನ ಫ್ರೆಂಡ್ಸ್ ಹೆದರಿಸಿದ್ದರು. ಭಾವನ ಹೆಂಡತಿ ಹೇಗಿರುತ್ತಾಳೋ ಅಂತ. ನನ್ನ ಸುಟ್ಟ ರೊಟ್ಟಿಗಳನ್ನು ಅತ್ತೆ ನೋಡುವ ಮೊದಲೇ ಪಕ್ಕದ ಗುಲ್ಜಾರಬಿಯ ಆಡಿಗೆ ಹಾಕಿ ಬರುವವಳು ಈ ನೀಲಕ್ಕ. ಐ ಲವ್ ಹರ್.

14 ಆಗಸ್ಟ್

ನಾಲ್ಕು ಸಲ ಬಾಯಿಗೆ ಬಂದಿತ್ತು. ನುಂಗಿದೆ.

ಯಾಕೆ ಇಷ್ಟು ಗುಟ್ಟು ಎಂದು ಕೇಳಿಯೇಬಿಟ್ಟೆ. ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ ಏನೂ ಇರಲಿಲ್ಲವಂತೆ. ಹುಬ್ಬಳ್ಳಿ, ಮಿರಜ್, ಎಲ್ಲ ಕಡೆ ತೋರಿಸಿದ್ದಾಯಿತು. ಆಮೇಲೆ ನಿಂತಾಗ ಮನೆಯವರು ಸಂಭ್ರಮಕ್ಕೆ ನಮ್ಮ ಇಡೀ ಬೆಂಗೇರಿಗೆ ಕುಬಸದ, ಅಂದರೆ ಸೀಮಂತದ, ಊಟ ಹಾಕಿಸಿದರು. ಹಸಿರು ಸೀರೆ, ಹಸಿರು ಬಳೆ, ಪೆಂಡಾಲು. ಮುಂದಿನ ತಿಂಗಳೇ ಹೆರಿಗೆ. ಹೆಣ್ಣು ಕೂಸು. ಮರುದಿನ ಸಂಜೆಯವರೆಗೆ ಇತ್ತು.

"ಕೂಸು ಹೋದದ್ದು ಒಂದ ಸಲ, ದುರ್ಗಾ. ಆದರ ಉಂಡು ಹೋದವರೆಲ್ಲಾ ಬಂದು ಕೇಳಿದ್ರು. ಒಬ್ಬೊಬ್ಬರಿಗೂ ನಾನ ಬಾಯಿ ಬಿಟ್ಟು ಹೇಳಬೇಕಾತು. ಸಂತ್ಯಾಗ, ನಳದ ಹತ್ತರ… ಈ ಸಲ ಹೋದರ ಯಾರಿಗೂ ಹೇಳೋ ಕೆಲಸ ಇರಬಾರದು."

ಹೋಗುವುದಿಲ್ಲ ಎನ್ನಬೇಕೆಂದುಕೊಂಡೆ. ಅವಳ ಮುಂದಿನ ಸೊಪ್ಪಿನ ಕಟ್ಟು ಎಳೆದುಕೊಂಡು ನಾನೂ ಸೋಸಲು ಕುಳಿತೆ.

19 ಆಗಸ್ಟ್, ರವಿವಾರ ಮಧ್ಯಾಹ್ನ

ಡಿಸಾಸ್ಟರ್! ಬೆಳಿಗ್ಗೆ ಒಗ್ಗರಣೆ ವಾಸನೆಗೆ ನೀಲಕ್ಕ ಬಚ್ಚಲಿಗೆ ಓಡಿದಳು. ನಾನು ಹೊರಗೆ ಕಾವಲು. ಅತ್ತೆ ಬಂದರು.

"ಯಾರದು ವಾಂತಿ ಮಾಡಾಕತ್ತಿದ್ದು?"

"ನಾನ್ರೀ ಅತ್ತಿಯಾರ! ಈಗ ಮಾಡಿ ಬಂದೆ. ಅಕ್ಕ ಒಳಗ ನೀರು ಹಾಕಾಕತ್ತಾಳ."

ಪಿತ್ತ ಎಂದುಕೊಳ್ಳುತ್ತಾರೆ ಅಂತ ನನ್ನ ಅಂದಾಜು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೆರಳು ಮಡಚಿ ಮೇ, ಜೂನ್, ಜುಲೈ ಎಂದರು. ಆಮೇಲೆ ನನ್ನ ಕೆನ್ನೆ ಸವರಿ ಲಟಕ್ಕನೆ ನೆಟಿಗೆ ಮುರಿದರು. ನಾನು ಬಾಯಿ ತೆರೆದೆ. ಬಚ್ಚಲ ಬಾಗಿಲ ಸಂದಿಯಲ್ಲಿ ನೀಲಕ್ಕನ ಕಣ್ಣು. ಬಾಯಿ ಮುಚ್ಚಿದೆ.

ಅದೇ ದಿನ, ಸಂಜೆ

ಕಲ್ಲೇಶ ಅರ್ಧ ಕಿಲೋ ಪೇಡೆ ತಂದ. ಅಂಗಡಿಯ ಫೋನಿಗೇ ಸುದ್ದಿ ಹೋಗಿದೆ! ಕಣ್ಣು ಕೆಂಪು. ನನಗೆ ತಡೆಯಲಾಗಲಿಲ್ಲ, ಇವನೊಬ್ಬನಿಗೆ ಸತ್ಯ ಹೇಳಿದೆ. ಹಾಸಿಗೆಯ ಮೇಲೆ ಪೇಡೆ ಬಾಕ್ಸ್ ಹಿಡಿದುಕೊಂಡು ಕುಳಿತ.

"ಅಂದ್ರ ನಮಗ ಏನೂ ಇಲ್ಲ?"

"ಇಲ್ಲ."

"ನೀಲಾ ವೈನಿಗೆ ಐತಿ?"

"ಐತಿ."

ಬಾಕ್ಸ್ ಬಿಚ್ಚಿ ಒಂದು ಪೇಡೆ ಬಾಯಿಗೆ ಹಾಕಿಕೊಂಡ. "ಹಂಗಾರ ಪೇಡೆ ವೇಸ್ಟ್ ಆಗಿಲ್ಲ ಬಿಡು" ಎಂದ. ಇಂಥ ಗಂಡ ಯಾರಿಗೆ ಸಿಗುತ್ತಾನೆ?

27 ಆಗಸ್ಟ್

ಮಜಾ ಇದೆ, ಖರೇ ಹೇಳಬೇಕೆಂದರೆ. ನನಗೆ ಹಾಲು, ನನಗೆ ದಾಳಿಂಬೆ, ನನಗೆ ಗುಲ್ಜಾರಬಿ ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ. ಎಲ್ಲವೂ ಹಿಂದಿನ ಬಾಗಿಲಿನಿಂದ ನೀಲಕ್ಕನಿಗೆ. "ಸಣ್ಣಾಕಿನ್ನ ದವಾಖಾನಿಗೆ ಕರಕೊಂಡು ಹೋಗಿ ಬರ್ತೇನ್ರೀ" ಎಂದು ಅವಳೇ ಅತ್ತೆಗೆ ಹೇಳಿ ನನ್ನನ್ನು ಕರೆದೊಯ್ದಳು. ಆಟೋ ಹತ್ತಿದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಸ್ಕ್ಯಾನಿಂಗಿನಲ್ಲಿ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಬದಲು ನಾನು ನೋಡಿದೆ. ಮಿಣಮಿಣ ಅನ್ನುವ ಒಂದು ಚುಕ್ಕೆ. ಹಾರ್ಟ್ ಅಂತೆ!

ಅತ್ತೆ ಶುಕ್ರವಾರ ನನಗೆ ಕಳ್ಳ ಕುಬಸ ಮಾಡುತ್ತಾರಂತೆ. ಅಂದರೆ ಮೂರನೆಯ ತಿಂಗಳಿಗೆ, ದೊಡ್ಡ ಕುಬಸಕ್ಕೂ ಮೊದಲು, ಗದ್ದಲವಿಲ್ಲದೆ ಮನೆಯ ಹೆಂಗಸರೇ ಉಡಿ ತುಂಬುವುದು. ಈಗ ಹೇಗೆ ತಪ್ಪಿಸಿಕೊಳ್ಳಲಿ?

31 ಆಗಸ್ಟ್, ಶುಕ್ರವಾರ

ಇದನ್ನು ಇವತ್ತೇ ಬರೆದಿಡಬೇಕು.

ಸುಳ್ಳ ಎಂಬ ಹಳ್ಳಿಯಿಂದ ದೊಡ್ಡವ್ವ ಬಂದಿದ್ದರು, ತೀರಿಹೋದ ಮಾವನವರ ಅಣ್ಣನ ಹೆಂಡತಿ. ಗುಲ್ಜಾರಬಿ ಹೂವು ತಂದಿದ್ದಳು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಸೆರಗಿನಲ್ಲಿ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಹಸಿರು ಕುಬಸದ ಬಟ್ಟೆ. ನೀಲಕ್ಕ ಆರತಿ ತಟ್ಟೆ ಹಿಡಿದು ಬಂದಳು.

ದೊಡ್ಡವ್ವ ಅಂದರು, "ನೀಲವ್ವಾ, ನೀ ಒಳಗ ಇರವಾ. ಬ್ಯಾಸರ ಮಾಡಿಕೋಬ್ಯಾಡ. ಹೊಸಾ ಹುಡುಗಿ, ಮೊದಲನೇದು… ಕೂಸು ಕಳಕೊಂಡಾಕಿ ಮುಟ್ಟೂದು ಬ್ಯಾಡ."

ನೀಲಕ್ಕ "ಹೂಂ ರೀ" ಎಂದಳು. ಅಷ್ಟೇ. ತಟ್ಟೆ ನೆಲಕ್ಕಿಟ್ಟು ಅಡುಗೆಮನೆಗೆ ಹೋದಳು. ಅತ್ತೆ ನೆಲ ನೋಡುತ್ತಿದ್ದರು.

ಆಮೇಲೆ ನಾನು ಏನು ಮಾಡಿದೆ ಅನ್ನುವುದು ನನಗೇ ಸರಿಯಾಗಿ ಗೊತ್ತಿಲ್ಲ. ಎದ್ದೆ. ಅಕ್ಕಿ ಚೆಲ್ಲದಂತೆ ಸೆರಗು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದೆ. ಅವಳು ಒಲೆಯ ಪಕ್ಕ ಕುಳಿತಿದ್ದಳು. ಅವಳ ಸೆರಗು ಬಿಡಿಸಿ ಎಲ್ಲವನ್ನೂ ಅದರೊಳಗೆ ಸುರಿದೆ. ಒಂದು ಮಾತೂ ಆಡಲಿಲ್ಲ! ಆಣೆಗೂ ಆಡಲಿಲ್ಲ!

ತಿರುಗಿ ನೋಡಿದರೆ ಬಾಗಿಲಲ್ಲಿ ಮೂವರೂ.

ನೀಲಕ್ಕನ ಮುಖ ಬಿಳಿಚಿತು. "ಏನ್ ಮಾಡಿದಿ ದುರ್ಗಾ" ಎಂದಳು. ಆದರೆ ಉಡಿ ಬಿಚ್ಚಲಿಲ್ಲ. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅತ್ತೆ ಹೊಸ್ತಿಲ ಮೇಲೇ ಕುಳಿತರು. ಅಲ್ಲಿಂದಲೇ ಕೇಳಿದರು, "ನೀಲಾ… ಎಷ್ಟು ತಿಂಗಳವಾ?"

"ಮೂರರಾಗ್ರೀ."

"ನನಗ ಹೇಳಲಿಲ್ಲಲ್ಲವಾ."

"ಹೆದರಿಕಿ ಆತ್ರೀ."

ಗುಲ್ಜಾರಬಿಯೇ ಮೊದಲು ಚೇತರಿಸಿಕೊಂಡವಳು. ಹೋಗಿ ಮುಂದಿನ ಬಾಗಿಲಿನ ಅಗಳಿ ಹಾಕಿ ಬಂದಳು. "ಕಳ್ಳ ಕುಬಸ ಅಂದ್ರ ಹಿಂಗ ಇರಬೇಕು ನೋಡ್ರಿ" ಎಂದಳು. ದೊಡ್ಡವ್ವನ ಕಡೆ ತಿರುಗಿ, "ನೀವೀಗ ಆರತಿ ಮಾಡ್ರಿ, ಮೊದಲ. ಆಮ್ಯಾಲ ಅಳ್ರಿ."

ದೊಡ್ಡವ್ವ ಅಳುತ್ತಲೇ ಆರತಿ ಮಾಡಿದರು.

29 ಸೆಪ್ಟೆಂಬರ್

ಡಾಕ್ಟರು ನೀಲಕ್ಕನ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆ. ಮಂಚ ಇಳಿಯಬಾರದು, ಏಳಬಾರದು. ಅತ್ತೆಯದು ಮಿಲಿಟರಿ ಪಹರೆ. "ದೊಡ್ಡಾಕಿಗೆ ಕಾಮಣಿ ಆಗೈತಿ, ಒಳಗ ಬರಬ್ಯಾಡ್ರಿ" ಎಂದು ಕಾಮಾಲೆ ರೋಗದ ನೆಪವನ್ನು ಓಣಿಗೆಲ್ಲಾ ಸಾರಿದ್ದಾರೆ. ನಾನು ಕಲಿಯಬೇಕು ಸುಳ್ಳು ಹೇಳುವುದನ್ನು ಇವರಿಂದ!

ಆದರೆ ನಾನು ಬಸುರಿ ಎಂಬ ಹಳೆಯ ಸುದ್ದಿ ಕೇಳಿದ್ದ ಓಣಿ ನನ್ನ ಹೊಟ್ಟೆಯನ್ನು ನೋಡುತ್ತಿದೆ. ಏನೂ ಬೆಳೆದಿಲ್ಲ. ಹೋಯಿತೆಂದು ಅವರವರೇ ತಿಳಿದುಕೊಂಡಿದ್ದಾರೆ. ಇವತ್ತು ಕಿರಾಣಿ ಅಂಗಡಿಯಲ್ಲಿ ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು ನನ್ನ ಕೈ ಹಿಡಿದಳು. "ಹೋಗ್ಲಿ ಬಿಡವಾ. ಸಣ್ಣ ವಯಸ್ಸು. ಮತ್ತ ಆಗ್ತಾವ."

ನಾನು ಕಳೆದುಕೊಂಡದ್ದು ಏನೂ ಇಲ್ಲ. ಏನೇನೂ ಇಲ್ಲ. ಆದರೂ ಆ "ಮತ್ತ ಆಗ್ತಾವ" ಕೇಳಿ ಸಕ್ಕರೆ ಅಲ್ಲೇ ಬಿಟ್ಟು ಬಂದೆ. ನೀಲಕ್ಕನ ಮಂಚದ ಪಕ್ಕ ಕುಳಿತು ಅವಳ ಕಾಲು ಒತ್ತಿದೆ. ಏನಾಯಿತು ಎಂದು ಕೇಳಿದಳು. ಏನಿಲ್ಲ ಎಂದೆ.

6 ಜನವರಿ 2002

ಇವತ್ತು ನೀಲಕ್ಕ ತವರಿಗೆ ಹೋದಳು, ಬೆಳಗಾವಿಗೆ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು. ಬಸಣ್ಣ ಭಾವ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾರಂತೆ. ಸಂಜೆಯಾದರೂ ಮುಟ್ಟಿದ ಫೋನ್ ಇಲ್ಲ.

ಮನೆ ಭಣಭಣ.

8 ಫೆಬ್ರವರಿ

ಫೋನ್. ದಿನ ತುಂಬುವ ಒಂದು ತಿಂಗಳಿಗೂ ಮೊದಲೇ ಹೆರಿಗೆ. ಹೆಣ್ಣು. ಇದೆ.

ಇದೆ.

10 ಫೆಬ್ರವರಿ, ಬೆಳಗಾವಿ

ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ನನ್ನ ಮೊಳದಷ್ಟು ಉದ್ದ. ಕಿವಿಗಳು ಮಡಚಿದ ಎಲೆಯ ಹಾಗೆ. ನೀಲಕ್ಕ ಕುರ್ಚಿಯಲ್ಲಿ, ಪೆಟ್ಟಿಗೆಯ ಕಡೆಗೆ ಬೆನ್ನು, ಗೋಡೆಯ ಕಡೆಗೆ ಮುಖ ಮಾಡಿಕೊಂಡು ಕುಳಿತಿದ್ದಳು.

"ಯಾರಿಗೂ ಹೇಳಿಲ್ಲಲ್ಲಾ?"

"ಇಲ್ಲಕ್ಕಾ."

"ಛಲೋ ಮಾಡಿದಿ. ನಾಳೆ ಸಂಜಿತನಕರ ಹೇಳಬ್ಯಾಡ."

ನಾಳೆ ಸಂಜೆ. ಆ ಮೊದಲ ಕೂಸು ಮರುದಿನದ ಸಂಜೆಯವರೆಗೇ ಇದ್ದದ್ದು. ಇವಳು ಆಗಲೇ ಆ ಸಂಜೆ ದಾಟಿದ್ದಾಳೆ. ಆದರೆ ನೀಲಕ್ಕ ಪ್ರತಿ ದಿನವೂ "ನಾಳೆ ಸಂಜಿತನಕ" ಎನ್ನುತ್ತಿದ್ದಾಳಂತೆ.

ನರ್ಸ್ ಬಂದು ಬೈದಳು. "ಏನ್ರೀ ಬಾಯಾರ, ಕೂಸು ಹಡದು ಗ್ವಾಡಿ ನೋಡಾಕತ್ತೀರಿ? ಕೈ ತೊಳಕೊಂಡು ಬರ್ರಿ ಇಲ್ಲೆ." ಪೆಟ್ಟಿಗೆಗೆ ಕೈ ಹಾಕಲು ಒಂದು ರಂಧ್ರ. ನೀಲಕ್ಕ ಒಂದೇ ಒಂದು ಬೆರಳು ಇಟ್ಟಳು, ಬಿಸಿ ತವೆ ಮುಟ್ಟಿ ನೋಡುವ ಹಾಗೆ. ಕೂಸು ಹಿಡಿದುಕೊಂಡಿತು. ಬಿಡಲೇ ಇಲ್ಲ, ಪುಟ್ಟ ರೌಡಿ! ನೀಲಕ್ಕ ಬಗ್ಗಿಕೊಂಡೇ ನಿಂತಳು. ಸೊಂಟ ನೋಯುವುದಿಲ್ಲವೇ ಎಂದು ಕೇಳಿದೆ. ಕೇಳಿಸಲಿಲ್ಲ ಅವಳಿಗೆ.

21 ಮಾರ್ಚ್

ಪೆಟ್ಟಿಗೆಯಿಂದ ಹೊರಗೆ. ತವರು ಮನೆಗೆ ಒಯ್ದಿದ್ದಾರೆ. ಅತ್ತೆ ಅಂಟಿನ ಉಂಡೆ ಕಟ್ಟಿ ಭಾವನ ಕೈಲಿ ಕಳಿಸಿದರು. ನನಗೊಂದೂ ಕೊಡಲಿಲ್ಲ. ಬಾಣಂತಿಗೆ ಮಾತ್ರ ಅಂತೆ. ಕದ್ದು ತಿಂದೆ.

ಓಣಿಗೆ ಇನ್ನೂ ಗೊತ್ತಿಲ್ಲ. ಹೆಸರೂ ಇಟ್ಟಿಲ್ಲ. ನೀಲಕ್ಕ ಬೇಡ ಎನ್ನುತ್ತಾಳೆ, ಇನ್ನಷ್ಟು ತೂಕ ಬರಲಿ ಎಂದು. ಅತ್ತೆ ದೇವರ ಮುಂದೆ ಕುಳಿತಾಗ "ಆ ಕೂಸು" ಎಂದಷ್ಟೇ ಬೇಡಿಕೊಳ್ಳುತ್ತಾರೆ.

12 ಜೂನ್ 2002, ಬುಧವಾರ

ಫೋನ್ ನಾನೇ ಎತ್ತಿದೆ. ಹಿಂದೆ ಅಳುವ ಸದ್ದು. ಎಂಥ ಗಂಟಲು! ಇಡೀ ಬೆಳಗಾವಿಗೆ ಕೇಳಿಸಬೇಕು.

"ದುರ್ಗಾ, ನಾವು ಬರ್ತೇವಿ."

"ಅಕ್ಕಾ! ಯಾವಾಗ? ಅತ್ತಿಯಾರಿಗೆ ಹೇಳ್ತೇನಿ. ಮತ್ತ ಯಾರಿಗೂ ಇಲ್ಲ, ಪ್ರಾಮಿಸ್, ಹಿಂದಿನ ಬಾಗಿಲಿನಿಂದ ಲಗೂನ ಒಳಗ…"

"ಏ ಹುಚ್ಚಿ, ನನ್ನ ಮಗಳು ಯಾಕ ಹಿಂದಿನ ಬಾಗಿಲಿನಿಂದ ಬರಬೇಕು?"

ನನ್ನ ಮಗಳು ಎಂದಳು.

ಅವಳೇ ಮುಂದುವರಿಸಿದಳು. "ರವಿವಾರದ ಗಾಡಿಗೆ ಬರ್ತೇವಿ ಅಂತ ಓಣ್ಯಾಗ ಹೇಳು. ಅತ್ತಿ ಕೈಲಿ ಅಲ್ಲ, ನೀನ ಹೇಳು. ಹತ್ತು ತಿಂಗಳ ಬಾಯಿ ಕಟ್ಟಿಕೊಂಡೀದಿ. ಸತ್ತಗಿತ್ತೀ ಮತ್ತ."

"ಯಾರ್ಯಾರಿಗೆ ಹೇಳಲಿ?"

"ಎಲ್ಲಾರಿಗೂ. ಮೊದಲಿನ ಸಲ ಉಂಡು ಹೋದವರಿಗೆಲ್ಲಾ."

ರಿಸೀವರ್ ಸರಿಯಾಗಿ ಇಟ್ಟೆನೋ ಇಲ್ಲವೋ. ಚಪ್ಪಲಿ ಇಲ್ಲದೆ ಓಡಿದೆ. ಗುಲ್ಜಾರಬಿ, ನಳದ ಹತ್ತಿರದವರು, ಕಿರಾಣಿ ಅಂಗಡಿ, ನನ್ನ ಕೈ ಹಿಡಿದಿದ್ದ ಆ ಹೆಂಗಸು. ಅವಳು ಅಲ್ಲೇ ಅತ್ತುಬಿಟ್ಟಳು! ನನಗೆ ಗಂಟಲೇ ಇಲ್ಲ ಈಗ. ಅತ್ತೆ ಒಳಗೆ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯುತ್ತಿಲ್ಲ. ಕಲ್ಲೇಶನ ಅಂಗಡಿ ಫೋನ್ ಎಂಗೇಜ್.

ಕಿಟಕಿಯ ಹತ್ತಿರ ಮತ್ತೆ ಯಾರೋ ಕೂಗುತ್ತಿದ್ದಾರೆ, ಯಾವತ್ತು, ಯಾವ ಗಾಡಿ ಅಂತ. ಹೇಳಿ ಬರುತ್ತೇನೆ. ರವಿವಾರ್ರೀ! ರಾಣಿ ಚೆನ್ನಮ್ಮಾ ಎಕ್ಸ್‌ಪ್ರೆಸ್ —