ಹಾಜರಿ ಪುಸ್ತಕದ ಕೊನೇ ಸಾಲು

ಜನವರಿ 5, ಸೋಮವಾರ. ಬೆಳಿಗ್ಗೆ 5.20

ಮತ್ತೆ ಅದೇ ಕನಸು. ಎಕ್ಸಾಮ್ ಹಾಲ್. ಪಕ್ಕದ ಕಂಪ್ಯೂಟರ್ ಮುಂದೆ ಅವ್ವ ಕೂತಿದ್ದಾಳೆ. ಮೂಗಿನಲ್ಲಿ ಟ್ಯೂಬು, ಎಡಗೈಗೆ ಕಾಲ್ಚೀಲ. ನಾನು ಸಿರಿಂಜಿನಲ್ಲಿ ಗಾಳಿ ಹಾಕಿ ಅವಳ ಹೊಟ್ಟೆ ಮೇಲೆ ಸ್ಟೆತ್ ಇಟ್ಟು ಕೇಳುತ್ತಿದ್ದೇನೆ. ಹಾಲಿನಲ್ಲಿ ಎಲ್ಲರೂ ಮೌಸ್ ಒತ್ತುತ್ತಿದ್ದಾರೆ. ಟಕ್ ಟಕ್ ಟಕ್. ಆ ಸದ್ದಿನಲ್ಲಿ ಹೊಟ್ಟೆಯದು ಕೇಳಿಸುವುದಿಲ್ಲ. ಅವ್ವ ನನ್ನನ್ನು ನೋಡುತ್ತಿಲ್ಲ. ಟೈಮರ್ ನೋಡುತ್ತಿದ್ದಾಳೆ.

ಎದ್ದು ಗ್ಯಾಸ್ ನೋಡಿದೆ. ಆಫ್ ಆಗಿತ್ತು. ಚಿಲಕ ನೋಡಿದೆ. ಪಾಸ್‌ಪೋರ್ಟ್ ಡಬ್ಬದಲ್ಲೇ ಇದೆ. ಎಕ್ಸಾಮ್ ಫೆಬ್ರವರಿ 19. ಇನ್ನು 45 ದಿನ. ಪಾಸಾದರೆ ನರ್ಸ್ ಲೈಸೆನ್ಸ್, ಲೈಸೆನ್ಸ್ ಬಂದರೆ ಮಸ್ಕತ್‌ನಲ್ಲಿ ಕೆಲಸ.

ರೂಮ್‌ಮೇಟ್ ಯಶಸ್ವಿನಿ ಗೊರಕೆ ಹೊಡೆಯುತ್ತಿದ್ದಾಳೆ. ಅವಳಿಗೂ ಅದೇ ಎಕ್ಸಾಮು, ಅದೇ ದಿನ. ಬಿ.ಎಸ್ಸಿ. ನರ್ಸಿಂಗ್ ಮಾಡಿದವಳು, ನನಗಿಂತ ಏಳು ವರ್ಷ ಚಿಕ್ಕವಳು. ಅವಳಿಗೆ ನಿದ್ದೆ ಬರುತ್ತೆ.

ಜನವರಿ 6, ಮಂಗಳವಾರ. ಸಂಜೆ

ಕ್ವೆಶ್ಚನ್ ಬ್ಯಾಂಕ್, ನಂಬರ್ 47. ಮೂಗಿನಿಂದ ಹಾಕಿದ ಟ್ಯೂಬು ಹೊಟ್ಟೆಯಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳಲು ಎಲ್ಲಕ್ಕಿಂತ ಸರಿಯಾದ ವಿಧಾನ ಯಾವುದು. ನಾನು ಬಿ ಒತ್ತಿದೆ — ಗಾಳಿ ಹಾಕಿ ಸ್ಟೆತ್‌ನಲ್ಲಿ ಕೇಳುವುದು. ಕೆಂಪು ಬಂತು. ಇದು ಐದನೇ ಸಲ. ಉತ್ತರ ಡಿ, ಎಕ್ಸ್-ರೇ. ಕೆಳಗೆ ವಿವರಣೆ: ಗಾಳಿಯ ಸದ್ದು ನಂಬಬಾರದು, ಟ್ಯೂಬು ಶ್ವಾಸಕೋಶಕ್ಕೆ ಹೋಗಿದ್ದರೂ ಹೊಟ್ಟೆಯಲ್ಲಿ ಸದ್ದು ಕೇಳಿಸಬಹುದು.

ಯಶಸ್ವಿನಿ ನಕ್ಕಳು. "ಬಾಗ್ಲು ಮೂರ್ ಮೂರ್ ಸಲ ನೋಡ್ತೀಯ ಗಂಗಕ್ಕ, ಇದೊಂದು ನೆನಪಿಟ್ಕೊಳಕ್ಕಾಗಲ್ವಾ?"

"ನಾವೆಲ್ಲ ಹಂಗೇ ತಾನೇ ಮಾಡೋದು? ಗುಬ್ಬಿ ನರ್ಸಿಂಗ್ ಹೋಮಲ್ಲೂ ಹಂಗೇ."

"ಹೂಂ, ಹಂಗೇ ಮಾಡ್ತೀವಿ."

"ತಪ್ಪಾ ಹಂಗಾದ್ರೆ?"

"ತಪ್ಪು ಅಂತಲ್ಲ ಕಣಕ್ಕ. ಆನ್ಸರ್ ಅಲ್ಲ ಅಷ್ಟೇ."

ಹನ್ನೊಂದು ತಿಂಗಳು. ಅವ್ವನಿಗೆ ದಿನಕ್ಕೆ ಆರು ಸಲ. ಕುಣಿಗಲ್ ಮನೆಯಲ್ಲಿ ಎಕ್ಸ್-ರೇ ಎಲ್ಲಿಂದ ತರಲಿ. ಗಾಳಿ ಹಾಕುವುದು, ಬುಳುಕ್ ಅನ್ನುತ್ತೆ, ಗಂಜಿ ಬಿಡುವುದು. ಸ್ಟ್ರೋಕ್ ಆದ ಮೇಲೆ ಅವ್ವನಿಗೆ ಎಡಗೈ ಒಂದೇ ಆಡುತ್ತಿದ್ದದ್ದು. ಅದರಲ್ಲಿ ಟ್ಯೂಬ್ ಎಳೆಯುತ್ತಾಳೆ ಅಂತ ತಮ್ಮನ ಕಾಲ್ಚೀಲ ಹಾಕಿ ಕಟ್ಟುತ್ತಿದ್ದೆ. ಹೋದ ವರ್ಷ ಜನವರಿ 18, ಬೆಳಿಗ್ಗೆ, ಕಾಲ್ಚೀಲ ಹಾಸಿಗೆ ಮೇಲೆ ಬಿದ್ದಿತ್ತು. ಗಾಳಿ ಹಾಕಿದೆ. ಬುಳುಕ್ ಅಂತು. ಗಂಜಿ ಬಿಟ್ಟೆ. ಮಧ್ಯಾಹ್ನ ಕೆಮ್ಮು. ಸಂಜೆಗೆ ಜ್ವರ. 21ಕ್ಕೆ ಮುಗಿಯಿತು. ನ್ಯುಮೋನಿಯಾ ಅಂದರು. ಮಲಗಿದವರಿಗೆ ಬರುತ್ತೆ ಅಂದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ.

48ಕ್ಕೆ ಹೋದೆ. ಅದು ಸರಿ ಬಂತು.

ಜನವರಿ 8, ಗುರುವಾರ

ಸದಾಶಿವನಗರದ ರೂಮಿನಿಂದ ಹೊರಟು ಅರ್ಧ ದಾರಿಗೆ ವಾಪಸ್ ಬಂದು ಬೀಗ ಎಳೆದು ನೋಡಿದೆ. ಬಸ್ ಹೋಯಿತು. ಗುಬ್ಬಿ ತಲುಪುವಾಗ ಎಂಟೂ ಕಾಲು.

ನರ್ಸಿಂಗ್ ಹೋಮ್ ಆಫೀಸಿನಿಂದ ಷಡಕ್ಷರಿ ಸಾರ್ ಕರೆದರು. ಹಾಜರಿ, ಲೆಟರು, ಜನರೇಟರ್ ಡೀಸೆಲ್ಲು ಎಲ್ಲ ಅವರದೇ.

"ತಗಳಿ ಸಿಸ್ಟರ್, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟು. ಡಾಕ್ಟರಮ್ಮ ಸೈನ್ ಹಾಕವ್ರೆ. ಮಸ್ಕತ್‌ಗೋದ್ಮೇಲೆ ನಮ್ನ ಮರೀಬೇಡಿ. ಖರ್ಜೂರ ಕಳಿಸಿ."

ಓದಿದೆ. 12 ಜೂನ್ 2023ರಿಂದ ಈವರೆಗೆ, ನಿರಂತರ.

"ಸಾರ್, ಮಧ್ಯ ಹನ್ನೊಂದು ತಿಂಗ್ಳು ಇಲ್ವಲ್ಲ."

"ಏನಿಲ್ಲ?"

"ನಾನೇ. ಅವ್ವಂಗೆ ಹುಷಾರಿಲ್ದಾಗ ಬಿಟ್ಟು ಹೋಗಿದ್ನಲ್ಲ."

"ಬಿಟ್ರಿ, ಬಂದ್ರಿ. ಎರಡು ವರ್ಷ ಬ್ರೇಕ್ ಇಲ್ದಂಗೆ ಬೇಕು ಅಂತ ಕೇಳ್ತಿರೋದು ನಿಮ್ ಏಜೆನ್ಸಿಯವ್ರು. ಡಾಕ್ಟರಮ್ಮ ನಿಮ್ಗೆ ಒಳ್ಳೇದಾಗ್ಲಿ ಅಂತ ಹಾಕ್ಸವ್ರೆ. ಸುಮ್ನೆ ಇಟ್ಕಳಿ."

ಇಟ್ಟುಕೊಂಡೆ. ಬಸ್ಸಿನಲ್ಲಿ ನಾಲ್ಕು ಸಲ ಓದಿದೆ. ವಾಪಸ್ ಸೇರಿದ್ದು ಹೋದ ಫೆಬ್ರವರಿ 3. ಅಲ್ಲಿಂದ ಎಣಿಸಿದರೆ ಎರಡು ವರ್ಷ ತುಂಬುವುದಕ್ಕೆ ಇನ್ನೂ ಒಂದು ವರ್ಷ ಬೇಕು. ಅಷ್ಟರಲ್ಲಿ ಮಸ್ಕತ್‌ನ ಆ ಪೋಸ್ಟ್ ಇರುವುದಿಲ್ಲ. ಈ ಕಾಗದ ಇದ್ದರೆ ಸಾಕು.

ಏಜೆನ್ಸಿ ಫಾರ್ಮಿನಲ್ಲಿ ಗ್ಯಾಪ್ ಅಂತ ಒಂದು ಕಾಲಂ ಇದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಹೋಗಿ ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಡಬ್ಬ ಪ್ಯಾಕ್ ಮಾಡಿದ್ದೆ. ಅದು ಗ್ಯಾಪ್. ಅವ್ವನ ಹನ್ನೊಂದು ತಿಂಗಳು ಗ್ಯಾಪ್ ಅಲ್ಲ ಈಗ. ಈ ಕಾಗದದ ಪ್ರಕಾರ ನಾನು ಗುಬ್ಬಿಯಲ್ಲಿದ್ದೆ.

ಹಾಗಾದರೆ 18ರ ಬೆಳಿಗ್ಗೆ ಟ್ಯೂಬ್ ನೋಡಿದ್ದು ನಾನಲ್ಲ.

ಏನೂ ಅನ್ನಿಸಲಿಲ್ಲ. ಹಗುರ ಅನ್ನಿಸಿತಾ? ಗೊತ್ತಿಲ್ಲ.

ಜನವರಿ 11, ಭಾನುವಾರ. ಕುಣಿಗಲ್

ಅವ್ವನ ವರ್ಷದ ಎಡೆ, ತಿಥಿ ಲೆಕ್ಕಕ್ಕೆ ಹತ್ತು ದಿನ ಮೊದಲೇ. ಫೋಟೋ ಮುಂದೆ ಎಲೆ ತುಂಬ ಬಡಿಸಿದರು. ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು, ವಡೆ. ಹನ್ನೊಂದು ತಿಂಗಳು ಅವಳ ಬಾಯಿಗೆ ಏನೂ ಹೋಗಿರಲಿಲ್ಲ.

ಪುಟ್ಟರಂಗಯ್ಯ ಮಾವ ಕೇಳಿದ. "ಏನವ್ವ ಸಿದ್ದಗಂಗಿ, ಅಲ್ಲಿ ಒಂಟೆ ಮೇಲೆ ಕುಂತ್ಕಂಡು ಇಂಜಕ್ಷನ್ ಕೊಡ್ತೀಯಂತೆ?"

"ಹೂಂ ಮಾವ. ಮೊದ್ಲು ಒಂಟೆಗೆ, ಆಮೇಲೆ ಪೇಷಂಟಿಗೆ."

ನಕ್ಕರು. ನಾನೂ ನಕ್ಕೆನಂತೆ, ಕಾಂತ ಆಮೇಲೆ ಹೇಳಿದ. ಕಾಂತ ನನ್ನ ತಮ್ಮ ಅನ್ನುವುದಕ್ಕಿಂತ ಅಣ್ಣನ ಹಾಗೆ ಆಡುತ್ತಾನೆ ಈಗ. ಊಟಕ್ಕೆ ಕೂತವರಿಗೆಲ್ಲ ಹೇಳುತ್ತಿದ್ದ, "ನಮ್ಮಕ್ಕ ನೋಡ್ಕಂಡಂಗೆ ಯಾರು ನೋಡ್ಕಂತಾರೆ? ಹನ್ನೊಂದ್ ತಿಂಗ್ಳು, ಬೆನ್ನಲ್ಲಿ ಒಂದು ಹುಣ್ಣು ಬೀಳ್ನಿಲ್ಲ." ನಾನು ನೀರು ಬಡಿಸುತ್ತಿದ್ದೆ. ಒಬ್ಬರ ಲೋಟಕ್ಕೆ ಎರಡು ಸಲ ಹಾಕಿದೆ, ಚೆಲ್ಲಿತು.

ಹೊರಡುವಾಗ ಮೂರು ನೋಟ್‌ಬುಕ್ ತಂದ. "ಅಟ್ಟದ ಮೇಲಿದ್ವು ಕಣಕ್ಕ. ಬರೀ ನಂಬರ್ ಬರ್ದಿದೀಯ. ಒಲೆಗಾಕ್ಲಾ?"

"ಕೊಡಿಲ್ಲಿ."

"ಏನಕ್ಕೆ ಅವು? ಬುಡು."

"ಕೊಡೋ."

ಬ್ಯಾಗಿನ ತಳಕ್ಕೆ ಹಾಕಿದೆ. ಮೇಲೆ ಒಬ್ಬಟ್ಟಿನ ಡಬ್ಬ.

ಜನವರಿ 12

ನೋಟ್‌ಬುಕ್ ತೆಗೆದಿಲ್ಲ. 47 ತಪ್ಪು.

ಜನವರಿ 21, ಬುಧವಾರ

ಬೆಳಿಗ್ಗೆ ಡ್ಯೂಟಿ. ಇಬ್ಬರಿಗೆ ಡ್ರಿಪ್. ಒಂದು ಹೆರಿಗೆ, ಹೆಣ್ಣು, ಎರಡು ಕೆಜಿ ಎಂಟುನೂರು. ಚಾರ್ಟಿನಲ್ಲಿ ಇವತ್ತಿನ ಡೇಟ್ ಬರೆಯುವಾಗ ಕೈ ನಿಲ್ಲುತ್ತೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ.

ಜನವರಿ 29, ಗುರುವಾರ. ಮಧ್ಯಾಹ್ನ 3

ಷಡಕ್ಷರಿ ಸಾರ್ ಫೋನು. ವೆರಿಫಿಕೇಶನ್‌ನವರಿಂದ ನರ್ಸಿಂಗ್ ಹೋಮ್‌ಗೆ ಮೇಲ್ ಬಂದಿದೆಯಂತೆ. ಸರ್ಟಿಫಿಕೇಟ್ ನಿಜವಾ ಅಂತ ಕೇಳಿದ್ದಾರೆ. ಜೊತೆಗೆ ಒಂದು ತಿಂಗಳ ಹಾಜರಿ ಹಾಳೆಯ ಕಾಪಿ ಬೇಕಂತೆ. ತಿಂಗಳು ಅವರೇ ಆರಿಸಿದ್ದಾರೆ. ಜನವರಿ 2025.

"ಇಪ್ಪತ್ನಾಲ್ಕು ತಿಂಗಳಿಗಿಂತ ಜಾಸ್ತಿ ಇದ್ವು, ಅದೇ ಬೇಕಾಗಿತ್ತಾ ಅವ್ರಿಗೆ? ಇರ್ಲಿ ಬಿಡಿ. ನಾಳೆ ಡ್ಯೂಟಿ ಮುಗುಸ್ಕಂಡು ಆಫೀಸಿಗೆ ಬನ್ನಿ. ಒಂದೈದ್ ನಿಮಿಷದ ಕೆಲಸ."

ಯಶಸ್ವಿನಿಗೆ ಹೇಳಿದೆ. "ಎಲ್ರೂ ಮಾಡಿಸ್ಕೊಳ್ತಾರೆ ಕಣಕ್ಕ" ಅಂದಳು. ಅವಳು ಮಸ್ಕತ್‌ಗೆ ಆಗಲೇ ಸೂಟ್‌ಕೇಸ್ ನೋಡಿದ್ದಾಳೆ. ನನಗೂ ಅದೇ ಥರದ್ದು, ಬೇರೆ ಬಣ್ಣ.

ಜನವರಿ 30, ಶುಕ್ರವಾರ

ಹಾಜರಿ ಪುಸ್ತಕ. ಜನವರಿ ಹಾಳೆ. ಎಲ್ಲರ ಹೆಸರು ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಖಾಲಿ ಉಳಿದಿತ್ತು. ಅದರಲ್ಲಿ ಷಡಕ್ಷರಿ ಸಾರ್ ಮುದ್ದಾಗಿ ಬರೆದಿಟ್ಟಿದ್ದರು. ಸಿದ್ದಗಂಗಮ್ಮ, ಸ್ಟಾಫ್ ನರ್ಸ್. ಮುಂದೆ ಮೂವತ್ತೊಂದು ಚೌಕ.

"ಎರಡು ಪೆನ್ ತಗಳಿ. ಒಂದೇ ಇಂಕಾದ್ರೆ ಗೊತ್ತಾಗ್ಬುಡುತ್ತೆ. ಭಾನುವಾರ ಬಿಡಿ. ಹದ್ನಾಲ್ಕು ಸಂಕ್ರಾಂತಿ, ಅವತ್ತು ಡ್ಯೂಟಿ ಮಾಡಿದ್ರಿ ಅಂತ ಇರ್ಲಿ."

ಶುರು ಮಾಡಿದೆ. 1. 2. 3. 4. ಸೈನ್ ಒಂದೇ ಥರ ಬರುತ್ತಿದೆಯಾ ಅಂತ ನೋಡಿಕೊಂಡೆ. 14ರಂದು ಎಳ್ಳು ಬೆಲ್ಲ ನೀರಿನಲ್ಲಿ ಕದಡಿ ಹತ್ತಿಯಲ್ಲಿ ಅದ್ದಿ ಅವ್ವನ ತುಟಿಗೆ ಒರೆಸಿದ್ದೆ. ನಾಲಿಗೆ ಆಡಿಸಿದ್ದಳು. ಸೈನ್ ಹಾಕಿದೆ. 15, 16, 17 ಕಪ್ಪು ಪೆನ್ನು. 18. ಶನಿವಾರ. ಹಾಕಿದೆ. 20. 21ರ ಚೌಕದ ಮೇಲಿಂದ ಪೆನ್ ಎತ್ತಿದೆ.

"ಯಾಕೆ ಸಿಸ್ಟರ್? ಪೆನ್ ಬರೀತಿಲ್ವಾ?"

"ಬರೀತೈತೆ. ಇದು ಅವ್ವ ಹೋದ ದಿನ."

ಅವರು ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡರು. "ಅಯ್ಯೋ. ನಂಗೆ ಹೊಳೀಲೇ ಇಲ್ಲ ಕಣಮ್ಮ" ಅಂದರು. ಸಿಸ್ಟರ್ ಅನ್ನಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, "ಅದೊಂದಕ್ಕೆ ಸಿ.ಎಲ್. ಹಾಕಣ. ತಿಂಗಳಲ್ಲಿ ಒಂದು ರಜ ಇದ್ರೇನೆ ನಿಜ ಅನ್ಸೋದು."

ಅವರೇ ಬರೆದರು. ಕೆಂಪು ಇಂಕಿನಲ್ಲಿ, ಸಿ.ಎಲ್.

22ಕ್ಕೆ ಅವ್ವನನ್ನು ಮಣ್ಣು ಮಾಡಿದ್ದು. ಸೈನ್ ಹಾಕಿದೆ. ಉಳಿದದ್ದೂ ಹಾಕಿದೆ. ಟೀ ತರಿಸಿದರು, ಕುಡಿದೆ. ಡಾಕ್ಟರಮ್ಮ ಊರಲ್ಲಿಲ್ಲ. ಬಂದು ಸೀಲ್ ಹಾಕಿದ ಮೇಲೆ 9ನೇ ತಾರೀಕು, ಸೋಮವಾರ ಮಧ್ಯಾಹ್ನ ಮೇಲ್ ಕಳಿಸುತ್ತಾರಂತೆ.

ಫೆಬ್ರವರಿ 4, ಬುಧವಾರ

ಮಾಕ್ ಟೆಸ್ಟ್. ನೂರಕ್ಕೆ 74. ಎಕ್ಸೆಪ್ಟ್, ಅಂದರೆ ಯಾವುದು ಅಲ್ಲ, ಅಂತ ಇದ್ದ ಪ್ರಶ್ನೆಗಳನ್ನೆಲ್ಲ ಮೂರು ಸಲ ಓದಿದೆ, ಆದರೂ ಟೈಮ್ ಉಳಿಯಿತು. ಆ 47ರ ಪ್ರಶ್ನೆಯೂ ಇತ್ತು, ಡಿ ಒತ್ತಿದೆ. ಹಸಿರು ಬಂತು.

"ಪಾಸ್ ಕಣಕ್ಕ ನೀನು. ಒಂದ್ ಸ್ವಲ್ಪ ನಗು" ಅಂದಳು ಯಶಸ್ವಿನಿ.

"ನಗ್ತಿದೀನಲ್ಲ."

"ಎಲ್ಲಿ?"

ಫೆಬ್ರವರಿ 8, ಭಾನುವಾರ. ಮಧ್ಯಾಹ್ನ

ನೋಟ್‌ಬುಕ್ ತೆಗೆದೆ. ಒಬ್ಬಟ್ಟಿನ ಎಣ್ಣೆ ಇಳಿದು ಮೊದಲನೇದರ ರಟ್ಟು ನೆನೆದಿದೆ.

ಪ್ರತಿ ದಿನ ಒಂದು ಪುಟ. ಟೈಮು, ಗಂಜಿ ಎಷ್ಟು, ಮೂತ್ರ ಎಷ್ಟು. ಎರಡು ಗಂಟೆಗೊಮ್ಮೆ ಮಗ್ಗುಲು — ಎಡ, ಬೆನ್ನು, ಬಲ. ಪುಟದ ಕೊನೆಯಲ್ಲಿ ಆಸ್ಪತ್ರೆಯಲ್ಲಿ ಬರೆಯುವ ಹಾಗೆಯೇ ಬರೆದಿದ್ದೇನೆ. ಡ್ಯೂಟಿ ಕೊಟ್ಟವರು: ಗಂಗಾ. ತಗೊಂಡವರು: ಗಂಗಾ. ದಿನಾ. ಇದನ್ನು ಬರೆಯುತ್ತಿದ್ದೆ ಅನ್ನುವುದೇ ಮರೆತಿತ್ತು.

ಜನವರಿ 18ರ ಪುಟ. ಮೊದಲು ಎದ್ದು ಗ್ಯಾಸ್ ನೋಡಿ ಬಂದೆ. ಆಮೇಲೆ ಓದಿದೆ.

"6.00 — ಕಾಲ್ಚೀಲ ಬಿಚ್ಚಿಕೊಂಡು ಬಿದ್ದಿದೆ. ಮೂಗಿನ ಹತ್ತಿರ ಟ್ಯೂಬ್ ಗುರುತು 55 ಸೆಂ.ಮೀ.ಗೇ ಇದೆ. ಎರಡು ಸಲ ನೋಡಿದೆ. ಗಾಳಿ, ಸದ್ದು ಇದೆ. ತಲೆ ಎತ್ತರಿಸಿ ಗಂಜಿ 200."

ಟ್ಯೂಬು ಹೊರಗೆ ಎಳೆದಿಲ್ಲ ಅಂತ ಗುರುತು ನೋಡಿದ್ದೆ. ಎರಡು ಸಲ. ವರ್ಷದಿಂದ ಅದು ನೆನಪೇ ಇರಲಿಲ್ಲ. ಬುಳುಕ್ ಒಂದೇ ನೆನಪಿತ್ತು.

ಗುರುತು ಸರಿ ಇದ್ದರೂ ಟ್ಯೂಬು ಒಳಗೆ ಸುತ್ತಿಕೊಂಡಿರಬಹುದು. ಅದೂ ಕ್ವೆಶ್ಚನ್ ಬ್ಯಾಂಕಿನಲ್ಲಿದೆ. ಹಾಗಾಗಿ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ ಇನ್ನು. ಆದರೆ ನೋಡಿದವಳು ನಾನು. ಗಂಜಿ ಬಿಟ್ಟವಳೂ ನಾನೇ.

21ರ ಪುಟ ಅರ್ಧ ಇದೆ. 4.10, ಉಸಿರು ನಿಂತಿತು. ಡ್ಯೂಟಿ ಕೊಟ್ಟವರು: ಗಂಗಾ. ತಗೊಂಡವರು — ಅಲ್ಲಿ ಏನೂ ಬರೆದಿಲ್ಲ.

ಸಂಜೆ 6

ಯಶಸ್ವಿನಿಗೆ ಹೇಳಿದೆ, ಆ ಹಾಜರಿ ಹಾಳೆ ಕಳಿಸಬೇಡಿ ಅಂತ ಸಾರ್‌ಗೆ ಹೇಳುತ್ತೇನೆ ಅಂತ.

"ಹುಚ್ಚಾ ನಿಂಗೆ? ಒಂದು ಲೈನಿಗೆ ಮಸ್ಕತ್ ಬಿಡ್ತೀಯಾ?"

"ಎಕ್ಸಾಮ್ ಬರೀತೀನಿ."

"ಬರ್ದು? ಇನ್ನೊಂದ್ ವರ್ಷ ಗುಬ್ಬಿ ಬಸ್ ಹತ್ತಿ ಇಳೀತೀಯಾ?"

"ಹತ್ತಿ ಇಳೀತೀನಿ."

"ನಿಮ್ಮವ್ವ ಇದ್ದಿದ್ರೆ ಹೋಗು ಅಂತಿದ್ರು ಕಣಕ್ಕ."

"ಹೂಂ. ಅಂತಿದ್ಳು."

"ಮತ್ತೆ?"

ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಪುಟ ತಿರುಗಿಸಿದಳು. ತುಂಬ ಹೊತ್ತು ತಿರುಗಿಸಿದಳು. ಆಮೇಲೆ, "ನಾನೊಬ್ಳೇ ಹೋಗ್ಲಾ ಅಲ್ಲಿಗೆ?" ಅಂತ ಕೇಳಿದಳು. ಅನ್ನಕ್ಕಿಡಲು ಎದ್ದು ಹೋದಳು.

ಫೆಬ್ರವರಿ 9, ಸೋಮವಾರ. ಬೆಳಿಗ್ಗೆ 7.10, ಬಸ್ ಸ್ಟ್ಯಾಂಡ್

ಬೀಗ ಒಂದೇ ಸಲ ನೋಡಿದೆ. ಬಸ್ ಸಿಗಲಿ ಅಂತ.

ಷಡಕ್ಷರಿ ಸಾರ್‌ಗೆ ಮೆಸೇಜ್ ಕಳಿಸಿದೆ. ಅವರಿನ್ನೂ ನೋಡಿಲ್ಲ. ಏನು ಕಳಿಸಿದೆ ಅಂತ ಇಲ್ಲಿ ಇಳಿಸಿಕೊಳ್ಳುತ್ತೇನೆ, ಆಮೇಲೆ ಬೇರೆ ಥರ ನೆನಪಾಗಬಾರದು —

ಸಾರ್ ನಮಸ್ಕಾರ. ಸಿದ್ದಗಂಗಮ್ಮ. ಜನವರಿ ಹಾಳೆ ಕಳಿಸಬೇಡಿ. ಕೊನೇ ಸಾಲು ಹೊಡೆದುಹಾಕಿ. ಸರ್ಟಿಫಿಕೇಟಿನಲ್ಲಿ 24-2-2024ರಿಂದ 2-2-2025ರವರೆಗೆ ಬ್ರೇಕ್ ಅಂತ ಹಾಕಿಕೊಡಿ. ಕಾರಣ ಕೇಳಿದರೆ ತಾಯಿಯ ಆರೈಕೆ, ಮನೆಯಲ್ಲಿ, ಮಾಡಿದ್ದು ನಾನೇ ಅಂತ ಬರೆಯಿರಿ. ಡಾಕ್ಟರಮ್ಮನಿಗೆ ನಾನು ಹೇಳುತ್ತೇನೆ. ನೀವು ನನ್ನ ಒಳ್ಳೆಯದಕ್ಕೇ ಮಾಡಿದ್ದು, ಬೇಜಾರು ಮಾಡ್ಕೋಬೇಡಿ. ಇನ್ನೊಂದು. ಸಾಲು ಹೊಡೆಯುವಾಗ 21ನೇ ತಾರೀಕು ನೋಡಿ ಸಾರ್. ಸಿ.ಎಲ್. ಅಂತ ಇದೆ. ಅವತ್ತು ನಾನು ರಜದಲ್ಲಿರಲಿಲ್ಲ, ಅವ್ವನ ಪಕ್ಕ ಡ್ಯೂಟಿಯಲ್ಲಿದ್ದೆ. ಅದೊಂದು ಚೌಕ ಸರಿಯಾಗಿ ಹೊಡೆದಿದೆಯಾ ಅಂತ ಇನ್ನೊಂದು ಸಲ ನೋಡಿ.